ನಾಲ್ವರು ಸಹಪಾಠಿಗಳು, ಮೂರು ದಿಕ್ಕು

ಬೆಂಗಳೂರಿಗೆ ಹೋಗಿ ಬಂದವರು ಸಾಮಾನ್ಯವಾಗಿ ಮೆಜೆಸ್ಟಿಕ್, ಮಲ್ಲೇಶ್ವರ, ಲಾಲ್‌ಬಾಗ್‌ಗಳ ಸುದ್ದಿ ಹೇಳುತ್ತಾರೆ. ಆದರೆ ಆ ಮಹಾನಗರದ ಅನ್ನದ ಒಲೆ ಉರಿಯುವುದು ಹೆಚ್ಚಾಗಿ ಅದರ ಅಂಚಿನಲ್ಲಿ. ವಾಯವ್ಯಕ್ಕೆ ತುಮಕೂರು ರಸ್ತೆಯ ಪೀಣ್ಯ, ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ. ಮೊದಲನೆಯದರಲ್ಲಿ ಲೋಹ, ಉಳಿದ ಎರಡರಲ್ಲಿ ಹೆಚ್ಚಾಗಿ ಕಂಪ್ಯೂಟರು. ನಮ್ಮ ನಾಡಿನ ಎಷ್ಟೋ ಹಳ್ಳಿಗಳ ಮನೆಗಳಿಗೆ ತಿಂಗಳ ಮೊದಲ ವಾರ ಹಣ ಬರುವುದು ಈ ಮೂರು ಜಾಗಗಳಲ್ಲಿ ಒಂದರಿಂದ.

ನಾನು ಪ್ರೌಢಶಾಲೆ ಓದಿದ್ದು ಜಾಲಹಳ್ಳಿಯ ಸಮೀಪ, ಕನ್ನಡ ಮಾಧ್ಯಮದಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿದ್ದು 1986ರಲ್ಲಿ. ಆಮೇಲೆ ಓದು, ಮೇಷ್ಟ್ರ ಕೆಲಸ ಎಂದು ಊರು ಬಿಟ್ಟವನು ಮತ್ತೆ ಅಲ್ಲಿ ನೆಲೆಸಲಿಲ್ಲ. 2025ರ ನವೆಂಬರ್‌ನಲ್ಲಿ ಬಂಧುಗಳ ಮದುವೆಯ ನೆಪದಲ್ಲಿ ಮೂರು ದಿನ ಅಲ್ಲಿದ್ದಾಗ, ಅಂದಿನ ತರಗತಿಯ ನಾಲ್ವರನ್ನು ಹುಡುಕಿಕೊಂಡು ಹೋದೆ. ಹೆಸರು ಬರೆಯುವುದಿಲ್ಲ. 'ನಮ್ಮನ್ನ ಪೇಪರಿಗೆ ಹಾಕಬೇಡ ಮಾರಾಯ' ಎಂದು ಅವರೇ ಹೇಳಿದ್ದಾರೆ.

ಜೊತೆಗೆ ಒಂದು ಪ್ರಶ್ನೆಯನ್ನೂ ಕೊಂಡೊಯ್ದಿದ್ದೆ. ಪ್ರತಿ ವರ್ಷ ಹತ್ತನೇ ತರಗತಿಯ ಫಲಿತಾಂಶ ಬಂದ ಮರುದಿನ ತಂದೆ-ತಾಯಿಯರು ಶಿಕ್ಷಕರನ್ನು ಕೇಳುವ ಪ್ರಶ್ನೆ ಅದು: 'ಹುಡುಗನ್ನ ಯಾವುದಕ್ಕೆ ಸೇರಿಸೋಣ ಸಾರ್?' ಕೇಳುವವರಲ್ಲಿ ಬಹಳ ಮಂದಿ ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ: ಪಿ.ಯು.ಸಿ. ವಿಜ್ಞಾನ, ಆಮೇಲೆ ಎಂಜಿನಿಯರಿಂಗ್, ಬೇಕಾದರೆ ಜಮೀನು ಅಡವಿಟ್ಟಾದರೂ ಸರಿ. ಮೂವತ್ತೊಂಬತ್ತು ವರ್ಷ ಬದುಕಿನ ಏಟು ತಿಂದ ನನ್ನ ಸಹಪಾಠಿಗಳು ಈ ಪ್ರಶ್ನೆಗೆ ಏನೆನ್ನುತ್ತಾರೆಂದು ತಿಳಿಯುವ ಆಸೆ ನನಗೆ.

ಕೂದಲೆಳೆಗಿಂತ ಸಣ್ಣದು

ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡದ್ದು 1970ರ ದಶಕದಲ್ಲಿ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಅದಕ್ಕೆ ಹೆಸರು. ನಾವು ಹುಡುಗರಾಗಿದ್ದಾಗ ಅಲ್ಲಿಗೆ ಹೋಗಲು ಬಿ.ಟಿ.ಎಸ್. ಬಸ್ಸಿಗೆ ಕಾಯಬೇಕಿತ್ತು. ಬಿ.ಎಂ.ಟಿ.ಸಿ. ಎಂಬ ಹೆಸರು ಬಂದದ್ದೇ 1997ರಲ್ಲಿ. ಈಗ ಮೆಟ್ರೊ ಇದೆ. 2014ರ ಮಾರ್ಚ್‌ನಲ್ಲಿ ಹಸಿರು ಮಾರ್ಗದ ರೈಲು ಪೀಣ್ಯಕ್ಕೆ ಬಂತು. ಕಂಬಗಳ ಮೇಲಿನ ನಿಲ್ದಾಣದಿಂದ ಕೆಳಗೆ ನೋಡಿದರೆ ಸಾಲು ಸಾಲು ತಗಡಿನ ಮಾಡುಗಳು. ಇಳಿದು ಒಳರಸ್ತೆಗೆ ಹೊರಳಿದರೆ ಕಾದ ಎಣ್ಣೆಯ ವಾಸನೆ. ಆ ವಾಸನೆ ಮಾತ್ರ ಬದಲಾಗಿಲ್ಲ.

ಎರಡನೇ ಹಂತದ ಅಡ್ಡರಸ್ತೆಯೊಂದರಲ್ಲಿ ನನ್ನ ಮೊದಲ ಗೆಳೆಯನ ವರ್ಕ್‌ಶಾಪು. ಎಸ್ಸೆಸ್ಸೆಲ್ಸಿ ಮುಗಿದ ವರ್ಷವೇ ಅವನು ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ, ಅಂದರೆ ಜಿ.ಟಿ.ಟಿ.ಸಿ.ಗೆ ಸೇರಿದ. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಆರಂಭವಾದ ಸಂಸ್ಥೆ ಅದು. ನಾವೆಲ್ಲ ಕಾಲೇಜಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದಾಗ ಇವನು ಅರ ಹಿಡಿದು ಕಬ್ಬಿಣ ಉಜ್ಜುತ್ತಿದ್ದ. ಮದುವೆ ಮನೆಗಳಲ್ಲಿ 'ಏನು ಓದ್ತಿದ್ದೀಯ?' ಎಂದು ಕೇಳಿದವರಿಗೆ ಅವನ ತಾಯಿ ಅಳುಕುತ್ತಲೇ ಉತ್ತರ ಕೊಡುತ್ತಿದ್ದರು.

1995ರಲ್ಲಿ ಒಂದು ಹಳೆಯ ಲೇತ್ ಕೊಂಡು ಬಾಡಿಗೆ ಶೆಡ್ಡಿನಲ್ಲಿ ಶುರುಮಾಡಿದ. ಈಗ ಎರಡು ಸಿ.ಎನ್.ಸಿ. ಲೇತ್, ಒಂದು ಮಿಲ್ಲಿಂಗ್ ಸೆಂಟರ್, ಒಂದು ವೈರ್‌ಕಟ್ ಯಂತ್ರ ಮತ್ತು ಹನ್ನೆರಡು ಮಂದಿ ಕೆಲಸಗಾರರು ಇದ್ದಾರೆ. ವೈರ್‌ಕಟ್ ಯಂತ್ರವನ್ನು ವಿದ್ಯಾರ್ಥಿಗಳು ಒಮ್ಮೆ ನೋಡಬೇಕು. ಸುಮಾರು ಕಾಲು ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿ ಉಕ್ಕಿನ ಗಟ್ಟಿಯನ್ನು ಬೆಣ್ಣೆಯಂತೆ ಕತ್ತರಿಸುತ್ತದೆ, ಆದರೆ ಉಕ್ಕನ್ನು ಮುಟ್ಟುವುದೇ ಇಲ್ಲ. ತಂತಿಗೂ ಉಕ್ಕಿಗೂ ನಡುವೆ ಅತಿ ಸಣ್ಣ ಅಂತರ, ಅಲ್ಲಿ ಶುದ್ಧೀಕರಿಸಿದ ನೀರು. ಆ ಅಂತರದಲ್ಲಿ ಹಾರುವ ವಿದ್ಯುತ್ ಕಿಡಿಗಳೇ ಲೋಹವನ್ನು ಕಣಕಣವಾಗಿ ಕರಗಿಸಿ ತೆಗೆಯುತ್ತವೆ.

ನಾನು ಹೋದಾಗ ಅವನು ಲೇತಿನಿಂದ ಆಗತಾನೆ ಬಂದ ಉಕ್ಕಿನ ತುಂಡನ್ನು ಅಳೆಯಲು ಹೊರಟ ಹೊಸ ಹುಡುಗನೊಬ್ಬನ ಕೈ ಹಿಡಿದು ನಿಲ್ಲಿಸಿದ. 'ತಣ್ಣಗಾಗಲಿ. ಈಗ ಅಳೆದರೆ ಸುಳ್ಳು ಹೇಳುತ್ತೆ.' ಲೆಕ್ಕ ಹಾಕಿ ನೋಡಿ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. ಅಳತೆಗೆ ಜಗತ್ತೆಲ್ಲ ಒಪ್ಪಿದ ಉಷ್ಣತೆ 20 ಡಿಗ್ರಿ. ನೂರು ಮಿಲಿಮೀಟರ್ ತುಂಡು 45 ಡಿಗ್ರಿಯಲ್ಲಿದ್ದರೆ ಹಿಗ್ಗಿದ್ದು 0.03 ಮಿಲಿಮೀಟರ್. ಗಿರಾಕಿ ಒಪ್ಪುವ ವ್ಯತ್ಯಾಸ 0.01 ಮಿಲಿಮೀಟರ್ ಮಾತ್ರ. ತಲೆಗೂದಲಿನ ದಪ್ಪವೇ ಸುಮಾರು 0.07 ಮಿಲಿಮೀಟರ್ ಎಂಬುದು ನೆನಪಿರಲಿ. ನಾವು ಶಾಲೆಯಲ್ಲಿ ಗುಂಡು ಮತ್ತು ಬಳೆಯ ಪ್ರಯೋಗ ತೋರಿಸಿ, ಎರಡು ಅಂಕದ ಪ್ರಶ್ನೆ ಬರೆಸಿ ಮುಗಿಸುವ ಪಾಠ ಇಲ್ಲಿ ಲಾಭ-ನಷ್ಟವನ್ನು ನಿರ್ಧರಿಸುತ್ತದೆ.

ನನ್ನ ಪ್ರಶ್ನೆ ಕೇಳಿ ಅವನು ನಕ್ಕ. 'ನನ್ನ ಮಗನನ್ನೇ ಕೇಳು. ಕಂಪ್ಯೂಟರ್ ಸೈನ್ಸ್ ಓದ್ತಿದ್ದಾನೆ. ಈ ಶೆಡ್ಡಿಗೆ ಕಾಲಿಡಲ್ಲ. ಅಪ್ಪ, ಕೈ ಕೊಳೆ ಆಗುತ್ತೆ ಅಂತಾನೆ.' ಒಳ್ಳೆಯ ಕೆಲಸಗಾರ ಸಿಗದೆ ಮಿಲ್ಲಿಂಗ್ ಯಂತ್ರ ತಿಂಗಳಲ್ಲಿ ಎಷ್ಟೋ ರಾತ್ರಿ ಪಾಳಿ ಸುಮ್ಮನೆ ನಿಂತಿರುತ್ತದಂತೆ. ಈಗಿರುವ ಹುಡುಗರಲ್ಲಿ ಹೆಚ್ಚಿನವರು ಒಡಿಶಾ, ಬಿಹಾರಗಳಿಂದ ಬಂದವರು. 'ನಮ್ಮ ಹಳ್ಳಿ ಹುಡುಗರು ಎಂಜಿನಿಯರಿಂಗ್ ಮುಗಿಸಿ ಬರ್ತಾರೆ. ಮೈಕ್ರೋಮೀಟರ್ ಕೈಗೆ ಕೊಟ್ಟರೆ ಓದೋಕೆ ಬರಲ್ಲ. ಅವರ ತಪ್ಪಲ್ಲ, ಯಾರೂ ಕೈಗೆ ಕೊಟ್ಟೇ ಇಲ್ಲ' ಎಂದ.

ಸೆಕೆಂಡಿಗೆ ಐದು ಬಡಿತ

ಪೀಣ್ಯದಿಂದ ಜಾಲಹಳ್ಳಿ ಕೂಗಳತೆ ದೂರ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಇಲ್ಲಿ ಎಚ್.ಎಂ.ಟಿ. ಹುಟ್ಟಿತು. ಮರುವರ್ಷ ಬಿ.ಇ.ಎಲ್. ಬಂತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಎಚ್.ಎಂ.ಟಿ. ಕೈಗಡಿಯಾರ ಮಾಡತೊಡಗಿತು. ಜನತಾ, ಸೋನಾ, ಪೈಲಟ್, ಕಾಂಚನ ಎಂಬ ಹೆಸರುಗಳನ್ನು ಕೇಳಿದರೆ ಇಂದಿನ ಅಜ್ಜ-ಅಜ್ಜಿಯರ ಮುಖ ಅರಳುತ್ತದೆ. ಕಣ್ಣು ಕಾಣದವರು ಮುಟ್ಟಿ ಓದುವ ಬ್ರೈಲ್ ಗಡಿಯಾರವನ್ನೂ ಈ ಸಂಸ್ಥೆ ಮಾಡಿತ್ತು.

ನನ್ನ ಎರಡನೆಯ ಗೆಳೆಯ ಐ.ಟಿ.ಐ. ಮುಗಿಸಿ ಆ ಕಾರ್ಖಾನೆಯಲ್ಲೇ ಅಪ್ರೆಂಟಿಸ್ ಆಗಿ ಕೆಲಸ ಕಲಿತವನು. ಆಗ ನಮ್ಮೆಲ್ಲರಲ್ಲಿ 'ಸೆಟ್ಲ್' ಆದವನು ಅವನೊಬ್ಬನೇ. ಕ್ವಾರ್ಟರ್ಸು, ಕ್ಯಾಂಟೀನು, ಬೋನಸ್ಸು ಎಂದು ಅವನಿಗೆ ಹೆಣ್ಣು ಕೊಡಲು ಜನ ಮುಗಿಬಿದ್ದಿದ್ದರು. ಆಮೇಲೆ ಕಾಲ ತಿರುಗಿತು. ಅವನು ಸ್ವಯಂ ನಿವೃತ್ತಿ ಪಡೆದ. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ತುಮಕೂರಿನ ಗಡಿಯಾರ ಕಾರ್ಖಾನೆಯ ಜಾಗ ಇಸ್ರೊಗೆ ಸೇರಿತು.

ಈಗ ಅವನದು ಜಾಲಹಳ್ಳಿಯಲ್ಲಿ ಆರಡಿ ಅಗಲದ ಗಡಿಯಾರ ರಿಪೇರಿ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಜನತಾ ಗಡಿಯಾರ ಬಿಚ್ಚಿ ತೋರಿಸಿದ. ಅದರ ಸಮತೋಲನ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ದಿನಕ್ಕೆ 4,32,000 ಬಡಿತ. ಉಜ್ಜಾಟ ತಡೆಯಲು ಹದಿನೇಳು ಕೃತಕ ಮಾಣಿಕ್ಯದ ಹರಳುಗಳಿವೆ. ಇಂಥ ಗಡಿಯಾರ ದಿನಕ್ಕೆ 20 ಸೆಕೆಂಡು ಹೆಚ್ಚು-ಕಡಿಮೆ ತೋರಿಸಿದರೂ 86,400 ಸೆಕೆಂಡುಗಳಲ್ಲಿ ಅದು ಶೇಕಡ 0.023 ಮಾತ್ರ. ನಮ್ಮ ಶಾಲಾ ಪ್ರಯೋಗಾಲಯದ ಯಾವ ಅಳತೆಯೂ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ.

ಆದರೂ ಅದು ಸೋತಿತಲ್ಲ, ಯಾಕೆ? ಸೋಲಿಸಿದ್ದರಲ್ಲಿ ದೊಡ್ಡ ಪಾಲು ಒಂದು ಹರಳಿನದು. ಕ್ವಾರ್ಟ್ಸ್ ಗಡಿಯಾರದೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆ ಎರಡರ ಹದಿನೈದನೆಯ ಘಾತ. ಒಂದು ಪುಟ್ಟ ಚಿಪ್ಪು ಅದನ್ನು ಹದಿನೈದು ಸಲ ಎರಡರಿಂದ ಭಾಗಿಸಿದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಉಳಿಯುತ್ತದೆ. ನೂರಾರು ಸಣ್ಣ ಭಾಗಗಳನ್ನು ಕೂಡಿಸುವ ಕೈಗಳ ಕೆಲಸವನ್ನು ಬ್ಯಾಟರಿ, ಹರಳು, ಚಿಪ್ಪು ಸೇರಿ ಕಡಿಮೆ ಬೆಲೆಗೆ ಮಾಡಿಬಿಟ್ಟವು. ಜೊತೆಗೆ ಮಾರುಕಟ್ಟೆ ತೆರೆಯಿತು, ಪೈಪೋಟಿ ಬೆಳೆಯಿತು. ಕೊನೆಗೆ ಮೊಬೈಲ್ ಬಂದು, ಗಡಿಯಾರವೇ ಬೇಕೆ ಎನ್ನುವಂತಾಯಿತು.

'ಕೈಕೆಲಸ ಕಲಿ ಅಂತ ಹುಡುಗರಿಗೆ ಧಾರಾಳವಾಗಿ ಹೇಳು' ಎಂದ ಅವನು. 'ಆದರೆ ಪೀಣ್ಯದವನ ಮಾತು ಕೇಳಿ ಅಷ್ಟಕ್ಕೇ ನಿಲ್ಲಿಸಬೇಡ. ನನ್ನ ಕೈ ನಡುಗಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ. ಕೆಲಸವೇ ಹೊರಟುಹೋಯಿತು. ಪಕ್ಕದ ಮನೆಯಲ್ಲಿ ಏನು ಹೊಸದು ಬಂತು ಅಂತ ಇಣುಕಿ ನೋಡೋ ಅಭ್ಯಾಸ ಇರಬೇಕು. ನಮಗದು ಇರಲಿಲ್ಲ.' ಅವನ ಮಗಳು ಈಗ ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡುತ್ತಾಳೆ. ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿಸಿದವನು ಅಪ್ಪನೇ. ಸರ್ಕ್ಯೂಟ್ ಓದುವುದನ್ನು ಆಕೆ ತಾನೇ ಕಲಿತಳಂತೆ.

ನೀರಿನ ಲೆಕ್ಕ

ಮರುದಿನ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್‌ಗೆ ಹೋದೆ. ಆ ಮಾರ್ಗ ಕಾಡುಗೋಡಿಯವರೆಗೆ ಎಡೆಬಿಡದೆ ತೆರೆದದ್ದು 2023ರ ಅಕ್ಟೋಬರ್‌ನಲ್ಲಿ. ವೈಟ್‌ಫೀಲ್ಡ್ ಎಂದರೆ ಇಂದಿನ ಮಕ್ಕಳಿಗೆ ಗಾಜಿನ ಕಟ್ಟಡಗಳು ಮಾತ್ರ. ನಿಜವಾಗಿ ಅದು 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು ಹುಟ್ಟಿದ ಊರು. ಹತ್ತನೆಯ ಚಾಮರಾಜ ಒಡೆಯರ್ ಸುಮಾರು 3,900 ಎಕರೆ ಕೊಟ್ಟರು. ಆ ಸಂಘವನ್ನು ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಬಂತು. 1990ರ ದಶಕದಲ್ಲಿ ಭಾರತ-ಸಿಂಗಪುರ ಜಂಟಿ ಯೋಜನೆಯಾಗಿ ಟೆಕ್ ಪಾರ್ಕ್ ಬಂದ ಮೇಲೆ ಸುತ್ತಲ ರಾಗಿ ಹೊಲಗಳ ಹಣೆಬರಹ ಬದಲಾಯಿತು.

ನನ್ನ ಮೂರನೆಯ ಸಹಪಾಠಿ ನಮ್ಮ ತರಗತಿಯಲ್ಲಿ ಗಣಿತಕ್ಕೆ ಮೊದಲಿಗಳು. ನಾವು ಹುಡುಗರು ಮನೆಲೆಕ್ಕವನ್ನು ಆಕೆಯ ಪುಸ್ತಕ ನೋಡಿಯೇ ಬರೆಯುತ್ತಿದ್ದೆವು. ಮೊದಲ ಪಿ.ಯು.ಸಿ. ಮುಗಿಯುವಷ್ಟರಲ್ಲಿ ಮದುವೆಯಾಯಿತು. ಗಂಡನ ಮನೆ ವೈಟ್‌ಫೀಲ್ಡ್ ಪಕ್ಕದ ಹಳ್ಳಿ, ಎರಡು ಎಕರೆ ರಾಗಿ ಹೊಲ. ಹೊಲದ ಬಹುಪಾಲು ಮಾರಾಟವಾಗಿ, ಉಳಿದ ಜಾಗದಲ್ಲಿ ಕಟ್ಟಡ ಎದ್ದು, ಈಗ ಆಕೆ ನಲವತ್ತು ಹುಡುಗಿಯರಿರುವ ಪಿ.ಜಿ. ನಡೆಸುತ್ತಾರೆ. 'ಬನ್ನಿ ಮೇಷ್ಟ್ರೇ, ಈಗಲಾದರೂ ಲೆಕ್ಕ ನೀವೇ ಮಾಡ್ತೀರಾ?' ಎಂದು ನಗುತ್ತ ಬರಮಾಡಿಕೊಂಡರು.

ಆಕೆಯ ಮೇಜಿನ ಮೇಲೊಂದು ಉದ್ದ ನೋಟ್‌ಬುಕ್. ಅದರಲ್ಲಿ ನೀರಿನ ಲೆಕ್ಕ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದ್ದು ನೆನಪಿದೆಯಲ್ಲವೇ? ಟ್ಯಾಂಕರ್‌ಗಳ ದರ ಏರಿ, ಮಾರ್ಚ್‌ನಲ್ಲಿ ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು: ಐದು ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ, ತೆರಿಗೆ ಬೇರೆ. ಆಕೆ ಕಾಗದ ಹಿಡಿದು ಕೂತರು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಲೆಕ್ಕ. ಮನೆಯವರೂ ಸೇರಿ ನಲವತ್ತೈದು ಮಂದಿಗೆ 6,075 ಲೀಟರ್. ಎರಡು ದಿನಕ್ಕೊಂದು ಟ್ಯಾಂಕರ್. ನಲ್ಲಿಗಳಿಗೆ ನೀರಿನ ಜೊತೆ ಗಾಳಿ ಬೆರೆಸುವ ಜಾಲರಿ ಹಾಕಿಸಿ, ಸೋರಿಕೆ ನಿಲ್ಲಿಸಿ, ಬಳಕೆಯನ್ನು ತಲೆಗೆ 90 ಲೀಟರ್‌ಗೆ ಇಳಿಸಿದರು. ಟ್ಯಾಂಕರ್ ಮೂರು ದಿನ ಬಂತು. ತಿಂಗಳಿಗೆ ಹದಿನೈದರ ಬದಲು ಹತ್ತು.

ಆಮೇಲೆ ಮಾಳಿಗೆಯ ಲೆಕ್ಕ. 2,000 ಚದರಡಿ ಎಂದರೆ ಸುಮಾರು 186 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಗುಣಿಸಿದರೆ 1,80,000 ಲೀಟರ್. ಐದರಲ್ಲಿ ನಾಲ್ಕು ಭಾಗ ಹಿಡಿದರೂ 1,44,000 ಲೀಟರ್, ಅಂದರೆ ಹನ್ನೆರಡು ಟ್ಯಾಂಕರ್. ಅದನ್ನೂ ಮಾಡಿಸಿದರು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಮೇಲೆ ಆಕೆಯ ಮನೆಗೂ ನಲ್ಲಿ ಬಂದಿದೆ. 'ಆದರೂ ಈ ಪುಸ್ತಕ ಮುಚ್ಚಿಲ್ಲ' ಎಂದರು.

ಆಕೆ ನಲವತ್ತು ದಾಟಿದ ಮೇಲೆ, 2012ರಲ್ಲಿ, ಖಾಸಗಿ ಅಭ್ಯರ್ಥಿಯಾಗಿ ದ್ವಿತೀಯ ಪಿ.ಯು.ಸಿ. ಕಟ್ಟಿ ಪಾಸಾದರು. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಕರು ಆಕೆಯನ್ನು ಯಾರದೋ ತಾಯಿ ಎಂದುಕೊಂಡು ಹೊರಗೆ ಕಾಯಲು ಹೇಳಿದ್ದರಂತೆ. ಆಮೇಲೆ ದೂರಶಿಕ್ಷಣದಲ್ಲಿ ಬಿ.ಕಾಂ. ಕೂಡ ಆಯಿತು. ನನ್ನ ಪ್ರಶ್ನೆಗೆ ಆಕೆ ಇನ್ನೊಂದು ಪ್ರಶ್ನೆ ಹಾಕಿದರು: 'ಹುಡುಗನ್ನ ಯಾವುದಕ್ಕೆ ಸೇರಿಸೋಣ ಅಂತ ಕೇಳ್ತಾರೆ ಅಂದ್ರಲ್ಲ, ಹುಡುಗೀನ ಯಾವುದಕ್ಕೆ ಸೇರಿಸೋಣ ಅಂತ ಎಷ್ಟು ಜನ ಕೇಳ್ತಾರೆ?' ಕೇಳುವವರು ಈಗ ಹೆಚ್ಚಾಗಿದ್ದಾರೆ ಎಂದೆ. ಅದು ನಿಜ. ಆದರೆ ಮನೆಯಲ್ಲಿ ಒಬ್ಬರಿಗೇ ಆಗುವಷ್ಟು ಹಣವಿದ್ದಾಗ ಅದು ಯಾರ ಪಾಲಿಗೆ ಹೋಗುತ್ತದೆ ಎಂಬುದೂ ನನಗೆ ಗೊತ್ತು.

ಓಮ್‌ನ ನಿಯಮ ಹೋಗಲಿಲ್ಲ

ಮೂರನೆಯ ದಿನ ಎಲೆಕ್ಟ್ರಾನಿಕ್ ಸಿಟಿ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಇದು ಆರಂಭವಾಯಿತು. ಇನ್ಫೊಸಿಸ್ ಹುಟ್ಟುವುದಕ್ಕೆ ಇನ್ನೂ ಮೂರು ವರ್ಷವಿತ್ತು! 2010ರಲ್ಲಿ ಹೊಸೂರು ರಸ್ತೆಯ ಮೇಲುಸೇತುವೆ ಬಂತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರ್ ಹಳದಿ ಮಾರ್ಗ ಉದ್ಘಾಟನೆಯಾಯಿತು.

ನನ್ನ ನಾಲ್ಕನೆಯ ಗೆಳೆಯ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಇ. ಮುಗಿಸಿದವನು. ಇಪ್ಪತ್ತೆರಡು ವರ್ಷ ದೊಡ್ಡ ಕಂಪನಿಯೊಂದರಲ್ಲಿದ್ದ. 2023ರಲ್ಲಿ ಒಂದು ಬೆಳಿಗ್ಗೆ ಕರೆದು, ನಿಮ್ಮ ವಿಭಾಗ ಇನ್ನು ಇರುವುದಿಲ್ಲ ಎಂದರಂತೆ. ವಯಸ್ಸು ಐವತ್ಮೂರು, ಮನೆಸಾಲ ಇನ್ನೂ ಬಾಕಿ. ಎಂಟು ತಿಂಗಳು ಕೆಲಸವಿಲ್ಲ. 'ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಪಾರ್ಕಿಗೆ ಹೋಗಿ ಕೂರ್ತಿದ್ದೆ. ಅಪ್ಪನಿಗೆ ಗೊತ್ತಾಗಬಾರದಲ್ಲ' ಎಂದ. ನಾನು ಸುಮ್ಮನೆ ಕಾಫಿ ಕುಡಿದೆ.

ಈಗ ಬೊಮ್ಮಸಂದ್ರದ ಸಣ್ಣ ಕಂಪನಿಯಲ್ಲಿದ್ದಾನೆ. ವಿದ್ಯುತ್ ಸ್ಕೂಟರಿನ ಬ್ಯಾಟರಿಯನ್ನು ಕಾಯುವ ಫಲಕ ಮಾಡುವುದು ಅವನ ಕೆಲಸ. 3.7 ವೋಲ್ಟಿನ ಹದಿಮೂರು ಲಿಥಿಯಂ ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ ಸುಮಾರು 48 ವೋಲ್ಟ್. ಚಾರ್ಜ್ ಮಾಡುವಾಗ ಯಾವ ಕೋಶವೂ 4.2 ವೋಲ್ಟ್ ದಾಟಬಾರದು. ದಾಟಿದರೆ ಬಿಸಿಯಾಗಿ ಬೆಂಕಿ ಹತ್ತುವ ಅಪಾಯ. ಹದಿಮೂರರ ಮೇಲೂ ಕಣ್ಣಿಟ್ಟು, ಮುಂದೆ ಓಡುವ ಕೋಶವನ್ನು ತಡೆದು, ಹಿಂದುಳಿದದ್ದನ್ನು ಜೊತೆಗೆ ತರಬೇಕು. 'ತರಗತಿ ನಡೆಸಿದ ಹಾಗೇ ಕಣೋ ಮೇಷ್ಟ್ರೇ' ಎಂದ.

ಸಂಬಳ ಹಿಂದಿನದರ ಅರ್ಧ. ಆದರೂ ಅವನ ಮಾತಿನಲ್ಲಿ ಕಹಿ ಇರಲಿಲ್ಲ. 'ನಾನು ಕಲಿತಿದ್ದ ಕಂಪ್ಯೂಟರ್ ಭಾಷೆಗಳಲ್ಲಿ ಅರ್ಧ ಈಗ ಯಾರಿಗೂ ಬೇಡ. ಡಿಪ್ಲೊಮಾದ ಮೊದಲ ವರ್ಷ ಕಲಿತ ಓಮ್‌ನ ನಿಯಮ, ಬೆಸುಗೆ ಹಾಕೋದು, ಮೀಟರ್ ಹಿಡಿಯೋದು ಮಾತ್ರ ಹೋಗಲಿಲ್ಲ. ಈ ಕೆಲಸ ಕೊಡಿಸಿದ್ದು ಅವೇ. ಹುಡುಗರಿಗೆ ತಳಪಾಯ ಗಟ್ಟಿ ಮಾಡಿಕೊಳ್ಳಿ ಅನ್ನು. ದಾರಿ ಯಾವುದಾದರೂ ಇರಲಿ.'

ಮಾತಿನ ನಡುವೆ, ಬ್ಯಾಟರಿಯ ಅಲ್ಯೂಮಿನಿಯಂ ಪೆಟ್ಟಿಗೆ ಮಾಡಿಕೊಡುವ ನಂಬಿಕಸ್ಥರು ಸಿಗುತ್ತಿಲ್ಲ ಎಂದು ಗೊಣಗಿದ. ನಾನು ಪೀಣ್ಯದವನಿಗೆ ಫೋನ್ ಹಚ್ಚಿ ಕೊಟ್ಟೆ. ಇಬ್ಬರೂ ಮಾತನಾಡಿ ಇಪ್ಪತ್ತು ವರ್ಷವಾಗಿತ್ತು. ಆ ಕಡೆಯಿಂದ ಬಂದ ಮೊದಲ ಮಾತು 'ಹೇಗಿದ್ದೀಯ' ಎಂದಲ್ಲ: 'ಎಷ್ಟು ಮೈಕ್ರಾನ್ ಒಳಗೆ ಬೇಕು?'

ಮಕ್ಕಳೇ, ತಂದೆ-ತಾಯಿಯರೇ

ನಾಲ್ವರೂ ಒಂದೇ ಉತ್ತರ ಕೊಡಲಿಲ್ಲ. ಅದು ಒಳ್ಳೆಯದೇ. ಕೈಕೆಲಸ ಕಲಿತವನು ಗೆದ್ದ, ಕೈಕೆಲಸ ಕಲಿತ ಇನ್ನೊಬ್ಬ ಕೆಲಸ ಕಳೆದುಕೊಂಡ. ಪದವಿ ಪಡೆದವನು ಎಡವಿ ಎದ್ದ. ಓದು ನಿಂತುಹೋದಾಕೆ ನಲವತ್ತು ದಾಟಿ ಮತ್ತೆ ಓದಿದರು. ಆದರೆ ಎದ್ದು ನಿಂತ ಪ್ರತಿಯೊಬ್ಬರ ಕೈಯಲ್ಲೂ ಶಾಲೆಯಲ್ಲಿ ಕಲಿತ ಒಂದಲ್ಲ ಒಂದು ಸರಳ ಪಾಠ ಇತ್ತು: ಉಷ್ಣ ವ್ಯಾಕೋಚನ, ಕಂಪನ, ಗುಣಾಕಾರ, ಓಮ್‌ನ ನಿಯಮ. ಅಂಕಕ್ಕಾಗಿ ಬಾಯಿಪಾಠ ಮಾಡಿದ್ದಲ್ಲ, ತಿಳಿದುಕೊಂಡದ್ದು.

ದಾರಿಗಳ ವಿಷಯದಲ್ಲಿ ಒಂದು ಮಾತು ಎಲ್ಲ ಮನೆಗಳಿಗೂ ಗೊತ್ತಿರಬೇಕು. ಹತ್ತನೇ ತರಗತಿಯ ನಂತರ ಐ.ಟಿ.ಐ. ಅಥವಾ ಡಿಪ್ಲೊಮಾಕ್ಕೆ ಸೇರಿದರೆ ಮುಂದಿನ ಬಾಗಿಲು ಮುಚ್ಚುವುದಿಲ್ಲ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವಿದೆ. ಡಿಪ್ಲೊಮಾ ಮುಗಿಸಿದವರು ಡಿ-ಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಹೋಗಬಹುದು. ಜಿ.ಟಿ.ಟಿ.ಸಿ.ಯ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ಜೊತೆಗೆ ಒಂದು ವರ್ಷ ಕಾರ್ಖಾನೆಯ ತರಬೇತಿಯೂ ಇರುತ್ತದೆ. ಮಗುವಿನ ಒಲವು ಪುಸ್ತಕದತ್ತ ಇದ್ದರೆ ಪಿ.ಯು.ಸಿ.ಯೇ ಸರಿ. ಆದರೆ ಬಿಚ್ಚಿ ಜೋಡಿಸುವುದರಲ್ಲಿ ಖುಷಿ ಕಾಣುವ ಮಗುವನ್ನು, 'ಜನ ಏನೆಂದಾರು' ಎಂಬ ಒಂದೇ ಕಾರಣಕ್ಕೆ ಜಮೀನು ಅಡವಿಟ್ಟು ಬೇರೆ ಕಡೆ ದೂಡಬೇಡಿ.

ಇನ್ನೊಂದು ಸಲಹೆ. ಬೆಂಗಳೂರಿನಲ್ಲಿ ನಿಮಗೂ ಹಳೆಯ ಸಹಪಾಠಿಗಳು ಇದ್ದೇ ಇರುತ್ತಾರೆ. ಮುಂದಿನ ಬಾರಿ ಹೋದಾಗ ಅವರ ಮನೆಗಲ್ಲ, ಅವರು ಕೆಲಸ ಮಾಡುವ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದು ಗಂಟೆ ಮೂಲೆಯಲ್ಲಿ ನಿಂತು ನೋಡಲಿ. ಕೈಗೊಂದು ಮೈಕ್ರೋಮೀಟರ್ ಕೊಡಿಸಿ, ತಮ್ಮದೇ ತಲೆಗೂದಲನ್ನು ಅಳೆಯಲಿ. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್.ಎಂ.ಟಿ. ಪರಂಪರೆ ಕೇಂದ್ರವಿದೆ, ಅಲ್ಲಿ ಹಳೆಯ ಗಡಿಯಾರ, ಯಂತ್ರಗಳನ್ನು ತೋರಿಸಿ. ಏನು ಗಳಿಸಿದಿರಿ ಎಂಬುದರ ಜೊತೆಗೆ ಏನು ಕಳೆದುಕೊಂಡಿರಿ, ಆಮೇಲೆ ಹೇಗೆ ಎದ್ದಿರಿ ಎಂದು ನಿಮ್ಮ ಗೆಳೆಯರನ್ನು ಮಕ್ಕಳೆದುರಿಗೇ ಕೇಳಿ. ಮನಸ್ಸು ಬಿಚ್ಚಿ ಹೇಳುತ್ತಾರೆ, ಹಳೆಯ ಗೆಳೆಯರಲ್ಲವೇ?

ಇದನ್ನು ಫಲಿತಾಂಶ ಬರುವ ಮೊದಲೇ ಮಾಡಿ. ಬಂದ ಮೇಲೆ ಅರ್ಜಿಗಳ ಸಾಲಿನಲ್ಲಿ ನಿಲ್ಲುವುದಕ್ಕೇ ಹೊತ್ತು ಸಾಲದು.